ಎತ್ತದ ಕೈ

ಮಗಳು ರೇಗುಲಾಗೆ ಅವ್ವನ ಆಶೀರ್ವಾದಗಳು.

ಸೆರೆಮನೆಯಲ್ಲಿ ಸುಖವಾಗಿದ್ದೇನೆ, ಗಂಜಿಗೆ ಉಪ್ಪಿಲ್ಲ, ಅಷ್ಟೆ. ದೊಡ್ಡವಳಾದ ಮೇಲೆ ನಾನೇ ಕೇಳಿ ಮತ್ತೆ ದೀಕ್ಷಾಸ್ನಾನ ಪಡೆದದ್ದು ಇವರ ಕಣ್ಣಿಗೆ ಇನ್ನೂ ಅಪರಾಧವೇ. ನಿನ್ನೆ ನ್ಯಾಯಾಧೀಶರು, "ಊರು ಬಿಡ್ತೀನಿ ಅಂತ ಕೈ ಎತ್ತಿ ಆಣೆ ಮಾಡು, ಬಿಟ್ಟುಬಿಡ್ತೀವಿ" ಅಂದರು.

"ಊರು ಬಿಡ್ತೀನಿ ಸ್ವಾಮಿ, ಆಣೆ ಮಾತ್ರ ಮಾಡಲ್ಲ. ಯೇಸು ಬೇಡ ಅಂದಿದ್ದಾನೆ. ನಾನು ಹೌದು ಅಂದ್ರೆ ಹೌದೇ" ಅಂದೆ.

ಕಾವಲುಗಾರ ಯೋಸ್, "ಒಂದು ಕೈ ಎತ್ತೋಕೂ ಸೋಮಾರಿತನವೇನಜ್ಜಿ?" ಅಂತ ಹಂಗಿಸಿದ. ಪಾಪ, ಅವನ ಕಣ್ಣು ಒದ್ದೆಯಾಗಿತ್ತು.

ಆಣೆ ಮಾಡಲಿಲ್ಲವೆಂದು ನಾಳೆ ಬೆಳಿಗ್ಗೆ ನನ್ನನ್ನು ನದಿಯಲ್ಲಿ ಮುಳುಗಿಸಿ ಕೊಲ್ಲುತ್ತಾರೆ. ನೀನು ಬಾಣಂತಿ, ನೋಡಲು ಬರಬೇಡ. ನನ್ನ ಉಣ್ಣೆಯ ಲಂಗದ ಹೊಲಿಗೆ ಬಿಚ್ಚಿ ಕೂಸಿಗೆ ಹೊದಿಕೆ ಹೊಲಿ. ಪಾದ್ರಿ ಎಷ್ಟು ಹೆದರಿಸಿದರೂ ಕೂಸಿಗೆ ದೀಕ್ಷಾಸ್ನಾನ ಮಾಡಿಸಬೇಡ. ಬೆಳೆದು ತಾನೇ ಬೇಕೆಂದು ಕೇಳಲಿ. ಹಾಗೆ ಕೇಳಿದ ದಿನ, ಅಜ್ಜಿ ನಗುತ್ತಾ ಹೋದಳು ಅಂತ ಹೇಳು. ಸ್ವಲ್ಪ ಹೆದರಿದ್ದಳು ಅಂತಲೂ ಹೇಳು, ಮಗುವಿಗೆ ಸುಳ್ಳು ಬೇಡ.

ದೇವರ ಕೈಯಲ್ಲಿ ನೆಮ್ಮದಿಯಾಗಿರುವ,
ನಿನ್ನವ್ವ ಅಡೆಲ್‌ಹೈಟ್