ಎಣ್ಣೆ ಇಲ್ಲದಾಗ ಹತ್ತುವ ದೀಪ

ನನ್ನ ತಾಯಿಯ ತಮ್ಮನೂ, ನನ್ನ ಕೈಗೆ ಮೊದಲು ಸ್ಟೇರಿಂಗ್ ಕೊಟ್ಟವರೂ ಆದ ಮಾವನವರಿಗೆ,

ಮೊದಲು ತಪ್ಪೊಪ್ಪಿಗೆ. ವಿದ್ಯಾಗಿರಿಯ ಕಾಲೇಜಿನಲ್ಲಿ ಇತಿಹಾಸ ಹೇಳುವ, ಈವರೆಗೆ ಯಾವ ಠಾಣೆಯ ಮೆಟ್ಟಿಲನ್ನೂ ತುಳಿಯದ ನಾನು, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತದಿಂದ ಬರೆದುಕೊಡುವುದೇನೆಂದರೆ: ನಿಮ್ಮ ಕಾರಿನ ಕೆಂಪು ದೀಪದ ಮೇಲೆ, ಎಂಜಿನ್ನಿನಲ್ಲಿ ಎಣ್ಣೆ ಕಡಿಮೆಯಾದರೆ ಹತ್ತುತ್ತದಲ್ಲ, ಅದರ ಮೇಲೆ, ಗಾಯಕ್ಕೆ ಹಚ್ಚುವ ಅಂಟುಪಟ್ಟಿ ಹಚ್ಚಿದ್ದೇನೆ. ಒಂದು ಸಾಲಲಿಲ್ಲ, ಒಳಗಿನಿಂದ ಕೆಂಪಗೆ ಕಾಣುತ್ತಿತ್ತು. ಎರಡು ಹಚ್ಚಿದೆ. ಆಗ ನೀವು ಹೋಗಿ ಒಂದು ತಿಂಗಳೂ ಆಗಿರಲಿಲ್ಲ.

ಬಾದಾಮಿ ರಸ್ತೆಯಲ್ಲಿ ನನಗೆ ಗಾಡಿ ಕಲಿಸಿದ ದಿನ ನೆನಪಿದೆಯೇ? ಎಪ್ಪತ್ತಾರೋ, ಎಪ್ಪತ್ತೇಳೋ, ಇತಿಹಾಸದವನಾಗಿಯೂ ಇಸವಿ ಮರೆತಿದ್ದೇನೆ. ಕ್ಲಚ್ಚು, ಬ್ರೇಕು, ಗೇರು ಹೇಳುವುದಕ್ಕೂ ಮೊದಲು ನೀವು ಆ ದೀಪ ತೋರಿಸಿದಿರಿ. "ಲೇ, ಉಳದದ್ದೆಲ್ಲಾ ತಪ್ಪಿದ್ರೂ ನಡೀತೈತಿ. ಇದು ಹತ್ತಿತಂದ್ರ ಮಾತ್ರ ಗಾಡಿ ನಿಲ್ಲಸಬೇಕು. ಒಳಗ ಮದುಮಗ ಕುಂತಿದ್ರೂ ನಿಲ್ಲಸಬೇಕು." ಅಂದು ಅದು ಹತ್ತಿದ್ದು ಸರಿಯಾಗಿ ಹತ್ತನೆಯ ಮೈಲಿಗೆ. ನಿಲ್ಲಿಸಿದೆ. ಆಮೇಲೆ ಒಂಬತ್ತು ವರ್ಷ ನಿಲ್ಲಿಸುತ್ತಲೇ ಬಂದೆ.

ನಿಲ್ಲಿಸಿದ ಮೇಲಿನ ಶಾಸ್ತ್ರವೇನು ಕಡಿಮೆಯದೇ? ಬಾನೆಟ್ಟು ಎತ್ತಬೇಕು. ಎಣ್ಣೆ ಅಳೆಯುವ ಕಡ್ಡಿ ಎಳೆದು, ಒರೆಸಿ, ಮತ್ತೆ ತೂರಿಸಿ, ಎಳೆದು, ಗೆರೆ ನೋಡಿ, "ಎಣ್ಣಿ ಬರಬ್ಬರಿ ಐತ್ರಿ" ಎಂದು ನಾನು ವರದಿ ಒಪ್ಪಿಸಬೇಕು. ಆಮೇಲೆ ಬೇವಿನ ನೆರಳಿನಲ್ಲಿ ನಿಮ್ಮದೊಂದು ಎಲೆ ಅಡಿಕೆ ಮುಗಿಯುವವರೆಗೆ ಕೂಡಬೇಕು. ಎದ್ದು ಎಂಜಿನ್ ಶುರು ಮಾಡಿದರೆ ದೀಪ ಇಲ್ಲ. ಹಿಂದಿನ ಸೀಟಿನಲ್ಲಿ ಅತ್ತಿಯದು ಒಂದೇ ದೂರು: "ಊರ ಮಂದಿ ಮನ್ಯಾಗ ಎಣ್ಣಿ ಇದ್ರ ದೀಪ ಉರೀತೈತಿ. ನಿಮ್ಮ ಗಾಡ್ಯಾಗ ಎಣ್ಣಿ ಇಲ್ಲಂದ್ರ ಉರೀತೈತಿ. ಎಂಥಾ ಗಾಡಿ ತಂದೀರಿ?" ನೀವು ಎಲೆಗೆ ಸುಣ್ಣ ಸವರುತ್ತ, "ಗಾಡೀನೂ ನಿನ್ನಂಗನ. ಏನೂ ಇಲ್ಲದ ಮಾರಿ ಕೆಂಪ ಮಾಡತೈತಿ" ಅನ್ನುತ್ತಿದ್ದಿರಿ. "ಆ ಹುಡುಗಿನ್ನ ಮಾಡ್ಕೊಳ್ತಿಯೋ ಇಲ್ಲೋ, ಒಂದ ಹೇಳ" ಎಂದು ನೀವು ನನ್ನನ್ನು ಕೇಳಿದ್ದು ಕೂಡ ಹುನಗುಂದದ ಈಚೆ, ಅಂಥ ಒಂದು ನೆರಳಿನಲ್ಲಿ. ಆ ದೀಪ ಹತ್ತದೇ ಹೋಗಿದ್ದರೆ ನನ್ನ ಮದುವೆ...

ಇಳಕಲ್ಲಿನ ನಿಮ್ಮ ಅಂಗಡಿಯಲ್ಲಿ ಗಾದಿಯ ಮೇಲೆ ಸೀರೆ ಮಡಚುತ್ತಿದ್ದವರು ಹಾಗೇ ಒಂದು ಕಡೆ ವಾಲಿದಿರಿ. ರವಿವಾರ, ನಾನು ಊಟಕ್ಕೆಂದು ಬಂದಿದ್ದೆ. ಊರ ಡಾಕ್ಟರು ನಿಮ್ಮ ಎದೆ ನೋಡಿ, ತಡಮಾಡದೆ ಬಾಗಲಕೋಟೆಗೆ ಒಯ್ಯಿರಿ ಎಂದರು. ಹಿಂದಿನ ಸೀಟಿನಲ್ಲಿ ಅತ್ತಿಯ ತೊಡೆಯ ಮೇಲೆ ನಿಮ್ಮ ತಲೆ. ದವಾಖಾನೆ ಮುಟ್ಟಿದಾಗ ನಿಮಗೆ ಇನ್ನೂ ಉಸಿರಿತ್ತು. ಆಮೇಲೆ ಇರಲಿಲ್ಲ. ದೊಡ್ಡ ಡಾಕ್ಟರು ಕೈ ತೊಳೆದುಕೊಳ್ಳುತ್ತ, "ಇನ್ನೊಂದ ಸ್ವಲ್ಪ ಮೊದಲ ತಂದಿದ್ರ ನೋಡಬಹುದಿತ್ರಿ" ಅಂದರು. ನಾನು ಆಯಿತು ಎಂಬಂತೆ ತಲೆಯಾಡಿಸಿದೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಮರುವಾರ ಕಾಲೇಜಿಗೆ ಹೋಗಿ, ಚಾಲುಕ್ಯರು ಬಾದಾಮಿಯನ್ನು ಕಳೆದುಕೊಂಡದ್ದನ್ನು ಒಂದು ತಾಸು ಹೇಳಿದೆ. ದನಿ ನಡುಗಲಿಲ್ಲ, ಹುಡುಗರು ಬರೆದುಕೊಂಡರು.

ಸಾವಿನ ಮನೆಗೆ ಮಾತಾಡಿಸಲು ಬಂದವರ ಮುಂದೆ ಅತ್ತಿ ಹೇಳುತ್ತಿದ್ದ ಮಾತು ನಿಮ್ಮ ಕಿವಿಗೆ ಬಿದ್ದಿರಲಾರದು. "ಎಲ್ಲೂ ನಿಂದ್ರಸಲಿಲ್ಲ ನೋಡವಾ ನಮ್ಮ ಹುಡುಗ. ಒಂದ ಉಸಿರಿಗೆ ಹೊಡಕೊಂಡ ಬಂದಾ. ಇವರ ದೈವ ಅಷ್ಟ ಇತ್ತು." ಬಂದವರು ನನ್ನ ಕಡೆ ನೋಡುತ್ತಿದ್ದರು, ನಾನು ನೆಲ ನೋಡುತ್ತಿದ್ದೆ. ಬರಬರುತ್ತ ನಾನೇ ಹೇಳತೊಡಗಿದೆ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ, ಇಳಕಲ್ಲಿನಿಂದ ಬಾಗಲಕೋಟೆಯವರೆಗೆ ಬ್ರೇಕಿನ ಮೇಲೆ ಕಾಲಿಡಲಿಲ್ಲ ಎಂದೆ. "ನಿನ್ನ ಕೈಲೆ ಏನಾಗ್ತಿತ್ತೋ ಅಷ್ಟೂ ಮಾಡಿದಿ ಬಿಡಪಾ" ಎಂದು ಒಬ್ಬರು ಬೆನ್ನು ತಟ್ಟಿದರು. ಬೆನ್ನಿಗೂ ಏನೂ ಅನ್ನಿಸಲಿಲ್ಲ.

ಹೋದ ರವಿವಾರ ಇಳಕಲ್ಲಿನ ಹುಸೇನಸಾಬ ಮೇಸ್ತ್ರಿ ನಿಮ್ಮ ಗಾಡಿಯ ಹೊಟ್ಟೆ ನೋಡಿದ. ನೀವು ಇದ್ದಾಗ ಯಾರಿಗೂ ಮುಟ್ಟಗೊಟ್ಟವರಲ್ಲ. ಅತ್ತಿ ಗಾಡಿಯನ್ನು ನನಗೇ ಇಟ್ಟುಕೋ ಎಂದಿದ್ದಾರೆ. ಪಟ್ಟಿ ಹಚ್ಚಿಕೊಂಡು ಎಷ್ಟು ದಿನ ಓಡಿಸಲಿ? ಅವನು ಅರ್ಧ ತಾಸು ತಲೆ ಒಳಗಿಟ್ಟು, ಹೊರಗೆ ತೆಗೆದು, "ಸರ, ಈ ಕಟ್ಟು ಯಾರು ಕಟ್ಟ್ಯಾರ್ರಿ?" ಎಂದ. ಬಗ್ಗಿ ನೋಡಿದೆ. ದೀಪಕ್ಕೆ ಹೋಗುವ ವಾಯರನ್ನು ಎಂಜಿನ್ನಿನ ಪಕ್ಕದ ಕೊಳವೆಗೆ ಕೆಂಪು ರೇಷ್ಮೆಯ ಎಳೆಯಿಂದ ಬಿಗಿಯಲಾಗಿತ್ತು. ಯಾರ ಕೈ ಎಂದು ಕೇಳಬೇಕೇ? ನೇಕಾರರು ಸೀರೆಯ ಮೈಗೂ ಸೆರಗಿಗೂ ಹಾಕುವ ಕೊಂಡಿಯ ಬಿಗಿ ಅದು. ಸೀರೆ ಹರಿದೀತು, ಇಳಕಲ್ಲಿನ ಕೊಂಡಿ ಬಿಚ್ಚದು ಎಂದು ಗಿರಾಕಿಗಳಿಗೆ ಹೇಳುತ್ತಿದ್ದವರು ನೀವೇ ತಾನೇ? ಬಿಚ್ಚಿರಲಿಲ್ಲ ಮಾವ. ಬಿಗಿ ಹೆಚ್ಚಾಗಿ ವಾಯರಿನ ಮೇಲಿನ ರಬ್ಬರನ್ನು ಕೊಯ್ದಿತ್ತು.

"ಎಣ್ಣಿ ಎಂದೂ ಕಮ್ಮಿ ಇದ್ದಿದ್ದಿಲ್ರಿ," ಎಂದ ಹುಸೇನಸಾಬ. "ತೆಗ್ಗಿನ್ಯಾಗ ಗಾಡಿ ಕುಣೀತಂದ್ರ ವಾಯರು ಕಬ್ಬಿಣಕ್ಕ ತಾಗತೈತ್ರಿ, ದೀಪ ಹತ್ತತೈತ್ರಿ. ನಿಲ್ಲಸಿದ್ರ ಸರೀತೈತ್ರಿ. ಅಷ್ಟ."

"ಹಂಗಾರ ನಿಲ್ಲಸೂ ಕಾರಣನ ಇದ್ದಿದ್ದಿಲ್ಲೇನು?"

"ಎದಕ್ಕ ನಿಲ್ಲಸ್ತೀರಿ ಸರ? ಮುಂಬೈತನಕ ಹೊಡಕೊಂಡ ಹೋಗಬಹುದಿತ್ರಿ."

ಆ ಸುದ್ದಿಯನ್ನು ಅತ್ತಿಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದರು. ಕೈ ನಿಂತಿತು. "ಯಾರ ಮುಂದೂ ಆಡಬ್ಯಾಡ" ಎಂದು ಮತ್ತೆ ಆರಿಸತೊಡಗಿದರು. ನಿಮ್ಮ ಕೊಂಡಿಯ ಮರ್ಯಾದೆಗೆ ಹೇಳಿದರೋ, ನನ್ನ ಮರ್ಯಾದೆಗೋ? ಅವರೂ ಆ ಗಾಡಿಯಲ್ಲಿದ್ದರಲ್ಲ.

ನಿಲ್ಲಿಸಿದ್ದೆ ಮಾವ. ಅಂದು ನಿಮ್ಮನ್ನು ಒಯ್ಯುವಾಗ, ಅಮೀನಗಡ ದಾಟಿದ ಮೇಲೆ ದೀಪ ಹತ್ತಿತು. ಅತ್ತಿ "ಉರೀಲಿ ಬಿಡೋ, ನಡಿ" ಅಂದರು. ಕಾಲು ಕೇಳಲಿಲ್ಲ. ಇಳಿದು ಬಾನೆಟ್ಟು ಎತ್ತಿದೆ. ಕಡ್ಡಿ ಎಳೆದೆ, ಅಂಗಿಯ ಚುಂಗಿನಿಂದ ಒರೆಸಿದೆ, ತೂರಿಸಿದೆ, ಮತ್ತೆ ಎಳೆದೆ. ಅವಸರವನ್ನೂ ಮಾಡಲಿಲ್ಲ, ಅವಸರ ಮಾಡಿದರೆ ನೀವು ಬೈಯುತ್ತಿದ್ದಿರಿ. ಕಿಟಕಿಯಿಂದ ನಿಮ್ಮ ದನಿ ಬಂತು, ಬಹಳ ಸಣ್ಣಗೆ: "ಐತೇನು?" ಕಡ್ಡಿಯನ್ನು ಬಿಸಿಲಿಗೆ ಹಿಡಿದು ನೋಡಿ, "ಬರಬ್ಬರಿ ಐತ್ರಿ ಮಾವಾರ" ಎಂದೆ. ಅದರ ಮೇಲೆ ಎರಡು ಗೆರೆಗಳಿವೆಯಲ್ಲ, ಅವುಗಳಲ್ಲಿ ಯಾವುದು ತುಂಬಿದ್ದಕ್ಕೆ, ಯಾವುದು ಕಡಿಮೆಯಾದದ್ದಕ್ಕೆ ಎಂಬುದು ಅಂದಿಗೂ ನನಗೆ ಗೊತ್ತಿರಲಿಲ್ಲ, ಒಂಬತ್ತು ವರ್ಷದಲ್ಲಿ ಒಂದು ದಿನವೂ ಗೊತ್ತಿರಲಿಲ್ಲ.