ಕಡಲಿಗೆ ದಾರಿ ಬಿಡಿಸಿದ ತಪ್ಪಿಗೆ

ಕರಾವಳಿ ಪ್ರವಾಸೋದ್ಯಮ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಕ ಇನ್ನು ಮುಂದೆ ನಿಮ್ಮ ಕಡಲತೀರಕ್ಕೆ ಕಾಲಿಡಕೂಡದೆಂದು ನೀವು ಹೊರಡಿಸಿದ ಆದೇಶ ನಮ್ಮ ಕೈಸೇರಿದೆ. ‘ಪ್ರವಾಸಿಗರ ಆನಂದಕ್ಕೆ ಭಂಗ ತಂದ ಕಾರಣ’ ಎಂದು ಬರೆದಿದ್ದೀರಿ. ನಾನು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವಳು. ಬೇರೆಯವರ ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ನಿಮ್ಮ ಆದೇಶದಲ್ಲಿ ಕಾಗುಣಿತ ಸರಿಯಾಗಿದೆ, ಅದಕ್ಕೆ ಅಭಿನಂದನೆ. ಉಳಿದದ್ದೆಲ್ಲ ತಪ್ಪು. ನಿಮ್ಮ ಕೋಣೆಗೇ ಬಂದು ಹೇಳಿದೆ, ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೇ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಅಕ್ಕ ದರ್ಜಿ. ಕೋಟು ಹೊಲಿದು ನನ್ನನ್ನು ಓದಿಸಿದವಳು. ಈಚೆಗೆ ಆಕೆ, ಸೂಜಿ ಕಾಣುತ್ತದೆ, ಪಕ್ಕದಲ್ಲೇ ಇಟ್ಟ ಕತ್ತರಿ ಕಾಣುವುದಿಲ್ಲ ಎನ್ನತೊಡಗಿದಳು. ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳುತ್ತಿದ್ದಳು. ಕಣ್ಣಿನ ಡಾಕ್ಟರು ಪರೀಕ್ಷಿಸಿ, ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುತ್ತಿದೆ, ನಿಲ್ಲಿಸುವ ಮದ್ದಿಲ್ಲ, ನೋಡಬೇಕಾದ್ದನ್ನು ಈಗಲೇ ನೋಡಿಬಿಡಿ ಎಂದರು. ಚಿಕ್ಕಪ್ಪನ ಮಗ ಕಟ್ಟಿಸಿದ ಹೊಸ ಮನೆ ನೋಡಿಬರೋಣವೇ ಎಂದು ಕೇಳಿದೆ. “ಅವನ ಮನೆ ನೋಡೋಕೆ ಕಣ್ಣು ಯಾಕೆ? ಒಂದೊಂದು ಇಟ್ಟಿಗೆ ಕಥೆನೂ ಅವನೇ ಹೇಳ್ತಾನಲ್ಲ. ನಂಗೆ ಸಮುದ್ರ ತೋರ್ಸು. ಸೀಲ್ ತೋರ್ಸು” ಎಂದಳು. ಸೀಲ್ ಎಂದರೆ ತಮ್ಮ ಮೇಜಿನ ಮೇಲಿರುವ ರಬ್ಬರಿನದ್ದಲ್ಲ. ಕಡಲಲ್ಲಿ ಈಜುವ ಪ್ರಾಣಿ. ಮೀಸೆಯಿರುವುದು, ಉಸಿರಾಡುವುದು, ಬಂಡೆಯ ಮೇಲೆ ಬಿಸಿಲು ಕಾಯುವುದು. ತಮ್ಮ ಇಲಾಖೆ ಅದರ ಚಿತ್ರವನ್ನು ಬಸ್ಸುಗಳ ಮೇಲೆಲ್ಲ ಬಳಿಸಿರುವುದರಿಂದ, ಅಸಲಿ ಪ್ರಾಣಿಯೂ ನಿಮ್ಮಲ್ಲಿ ಇರಬಹುದೆಂದು ನಂಬುವಷ್ಟು ಪೆದ್ದರಾಗಿದ್ದೆವು ನಾವು.

ನೀವು ‘ರಮಣೀಯ ಮಾರ್ಗ’ ಎಂದು ಕರೆಯುವ ಕರಾವಳಿ ರಸ್ತೆಯಲ್ಲಿ ಬಸ್ಸು ಹತ್ತಿದೆವು. ಅಕ್ಕ ಕಿಟಕಿಗೆ ಮೂಗು ಒತ್ತಿ ಕೂತಳು. ಸಮುದ್ರ ಬಂತು ಎಂದು ಕಂಡಕ್ಟರು ಹೇಳಿದ್ದೇ ತಡ, ಗೋಡೆ ಬಂತು. ಬಸ್ಸಿಗಿಂತ ಎತ್ತರದ ಗೋಡೆ, ಅದರ ಮೇಲೆ ಸಮುದ್ರದ ಚಿತ್ರ. ನೀಲಿ ಅಲೆ, ಹಲ್ಲು ಕಿರಿಯುವ ಡಾಲ್ಫಿನ್, ಗಿಳಿಯಂತೆ ಕಾಣುವ ಕಡಲಹಕ್ಕಿ. ಹಿಂದಿರುವ ಸಮುದ್ರವನ್ನು ಮುಚ್ಚಿ ಅದರ ಮುಂದೆ ಸಮುದ್ರದ ಚಿತ್ರ ಬರೆಸಲು ಎಂಥ ತಲೆ ಬೇಕು, ಮಾನ್ಯರೇ? ಆ ತಲೆಗೆ ಸಂಬಳವೂ ಸಿಗುತ್ತದೆಯೇ? ಅಕ್ಕ ಬಹಳ ಹೊತ್ತು ಗೋಡೆಯನ್ನೇ ನೋಡಿ, ಬಣ್ಣ ಎಲ್ಲಿ ಎದ್ದುಹೋಗಿದೆ ಎಂದು ನನಗೆ ತೋರಿಸತೊಡಗಿದಳು. ನಕ್ಕೆವು. ಬೇರೇನು ಮಾಡುವುದು?

ಮೊದಲು ಸಿಕ್ಕ ಊರಿನಲ್ಲಿ ನಿಮ್ಮ ವೀಕ್ಷಣಾ ಕಟ್ಟೆಗೆ ಹೋದೆವು. ಅಲ್ಲಿ ಫೋಟೋ ತೆಗೆಸಿಕೊಳ್ಳಲು ಪ್ಲಾಸ್ಟಿಕ್ಕಿನ ದೊಡ್ಡ ಹೃದಯ. ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಿಂದ ಹಕ್ಕಿಗಳ ಕೂಗು. ಹಕ್ಕಿಗಳೆಲ್ಲಿ ಎಂದು ಆ ರಾತ್ರಿ ನಾವು ಉಳಿದ ವಸತಿಗೃಹದ ಯಜಮಾನಿಯನ್ನು ಕೇಳಿದೆ. ಬಂಡೆಗಳಿಗೆ ನೀವು ಬಣ್ಣದ ದೀಪ ಹಾಕಿಸಿದ ಮೇಲೆ ಅವು ಗೂಡು ಬಿಟ್ಟು ಹೋದವೆಂದೂ, ಬಂದವರಿಗೆ ನಿರಾಶೆಯಾಗದಿರಲೆಂದು ಕೂಗನ್ನು ಮಾತ್ರ ಉಳಿಸಿಕೊಂಡಿದ್ದೀರೆಂದೂ ಆಕೆ ಹಾಸಿಗೆಯ ಹೊದಿಕೆ ಮಡಚುತ್ತಲೇ ಹೇಳಿದಳು. ತಮ್ಮ ಉದಾರತೆ ದೊಡ್ಡದು.

ಮಾರನೆಯ ದಿನ ಮುಂದಿನ ಊರಿಗೆ ಹೋದಾಗ ಮರಳಿನ ಮೇಲೆ ಜನ ಮುತ್ತಿದ್ದರು. ನಡುವೆ ಒಂದು ಸೀಲ್ ಮರಿ. ಬೂದು ಬಣ್ಣದ, ಒದ್ದೆ ದಿಂಬಿನಂಥ ಮೈ. ನಿಮ್ಮ ಸಿಬ್ಬಂದಿಯೊಬ್ಬ, ಕಿತ್ತಳೆ ಬಣ್ಣದ ಜಾಕೆಟ್ಟಿನವನು, ಸೀಟಿ ಊದುತ್ತಾ ಜನರನ್ನು ಸಾಲಾಗಿ ಒಳಕ್ಕೆ ಬಿಡುತ್ತಿದ್ದ. ಒಬ್ಬೊಬ್ಬರೂ ಮರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಫೋಟೋ ತೆಗೆಸಿಕೊಂಡು ಏಳುತ್ತಿದ್ದರು. ಮರಿ ನೀರಿನ ಕಡೆ ತೆವಳಿದಾಗಲೆಲ್ಲ ಅವನು ಹಲಗೆಯೊಂದನ್ನು ಅಡ್ಡ ಹಿಡಿದು ಅದನ್ನು ಹಿಂದಕ್ಕೆ ತಳ್ಳುತ್ತಿದ್ದ. ಅಲೆಗಳಾಚೆ ಒಂದು ದೊಡ್ಡ ತಲೆ ಏಳುವುದು, ದಡದ ಕಡೆ ನೋಡುವುದು, ಮುಳುಗುವುದು. ಅದು ತಾಯಿಯೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮರಿಯ ಬಾಯಿಯಿಂದ ಬರುತ್ತಿದ್ದ ಸದ್ದನ್ನು ನಾನು ಬರೆಯಲಾರೆ. ಧ್ವನಿಮುದ್ರಿಸಿ ಕಂಬಕ್ಕೆ ಕಟ್ಟಿಸಲು ತಮಗೆ ಉಪಯೋಗವಾಗಬಹುದಿತ್ತು.

ಅಕ್ಕ ನನ್ನ ಕೈ ಹಿಡಿದೇ ಗುಂಪಿನೊಳಗೆ ನುಗ್ಗಿದಳು. ಹತ್ತಿರದಿಂದ ನೋಡಲು ಹೋಗುತ್ತಿದ್ದಾಳೆಂದುಕೊಂಡೆ. ಆಕೆ ಮರಿಯ ಬಳಿಗೆ ಹೋಗಿ ಅದಕ್ಕೆ ಬೆನ್ನು ಹಾಕಿ, ಜನರಿಗೆ ಮುಖಮಾಡಿ ನಿಂತಳು. ಹೊದ್ದಿದ್ದ ಶಾಲನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಆ ಕೊನೆ ನೀನು ಹಿಡಿ ಎಂದು ನನಗೆ ಹೇಳಿದಳು. ಹಿಡಿದೆ. ಕಿತ್ತಳೆ ಜಾಕೆಟ್ಟಿನವನು ಸೀಟಿ ಊದಿದ. “ಪಕ್ಕಕ್ಕೆ ಬನ್ನಿ ಅಮ್ಮಾ, ಜನ ಕಾಯ್ತಿದ್ದಾರೆ” ಎಂದ.

“ಅದೂ ಕಾಯ್ತಿದೆಯಲ್ಲಪ್ಪ, ನೀರಲ್ಲಿ” ಎಂದಳು ಅಕ್ಕ. ದನಿ ಏರಿಸಲಿಲ್ಲ. “ನೀನು ಬೇಕಾದ್ರೆ ನನ್ನ ತಳ್ಳು. ಹಲಗೆ ಆಮೇಲೆ ಹಿಡಿ.”

ಅವನು ತಳ್ಳಲಿಲ್ಲ. ತಮ್ಮ ಇಲಾಖೆಯಲ್ಲಿ ನಾನು ಕಂಡ ಏಕೈಕ ಮರ್ಯಾದೆ ಅದು, ಆದ್ದರಿಂದ ದಾಖಲಿಸುತ್ತಿದ್ದೇನೆ. ಜನ ಗೊಣಗಿದರು. ಇಷ್ಟು ದೂರ ಬಂದಿದ್ದೇವೆ, ಇವಳ್ಯಾರು ತಡೆಯಲು ಎಂದೊಬ್ಬರು ಕೇಳಿದರು. ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಮಾತ್ರ ಸಾಲು ಬಿಟ್ಟು ಬಂದು ನಮ್ಮ ಪಕ್ಕ ನಿಂತಳು. ಹಿಂದೆ ಮರಳು ಸರಬರ ಎಂದಿತು. ನಾನು ತಿರುಗಿ ನೋಡಿದೆ. ಅಕ್ಕ ತಿರುಗಲಿಲ್ಲ. ತಿರುಗಿದರೆ ಶಾಲು ಸಡಿಲವಾಗುತ್ತಿತ್ತು, ಜನ ನುಗ್ಗುತ್ತಿದ್ದರು. ಮರಿ ನೊರೆಗೆ ತಲುಪಿತು, ಒಂದು ಅಲೆ ಅದನ್ನು ಎತ್ತಿಕೊಂಡಿತು, ಆಚೆ ಒಂದು ತಲೆಯಿದ್ದಲ್ಲಿ ಎರಡು ತಲೆ ಕಂಡವು.

“ಹೋಯ್ತಾ?” ಎಂದು ಕೇಳಿದಳು. ಹೋಯಿತು ಎಂದೆ. ಆಗ ತಿರುಗಿದಳು. ಅಷ್ಟರಲ್ಲಿ ಎರಡೂ ಮುಳುಗಿದ್ದವು. ಬಹಳ ಹೊತ್ತು ನೀರನ್ನು ಹುಡುಕಿದಳು, ತಲೆಯನ್ನು ಆಚೀಚೆ ಹೊರಳಿಸಿ. ಅವಳ ನೋಟ ಹಾಗೇ ಹುಡುಕಬೇಕು ಈಗ. ಏನೂ ಸಿಗಲಿಲ್ಲ. “ನೀನು ನೋಡಿದ್ಯಲ್ಲ, ಹೇಳು. ಹೇಗೆ ಹೋಯ್ತು?” ಎಂದಳು. ಹೇಳಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಮತ್ತೆ ಹೇಳಿಸಿದಳು.

ಇದು ತಾವು ಆದೇಶದಲ್ಲಿ ಬರೆದ ಭಂಗ. ಆ ಆದೇಶವನ್ನು ಹಿಂತೆಗೆದುಕೊಳ್ಳಿ ಎಂದು ಕೇಳಲು ನಿಮ್ಮ ಕೋಣೆಗೆ ಬಂದಾಗ ಸಮುದ್ರದ ಕಡೆಯ ಕಿಟಕಿಗೆ ದಪ್ಪ ಪರದೆ ಎಳೆದಿತ್ತು; ಮೇಜಿನ ಮೇಲೆ ಗಾಜಿನ ಡಾಲ್ಫಿನ್ನು ಕಾಗದಗಳನ್ನು ಅದುಮಿಕೊಂಡಿತ್ತು. ನೀವು ತಲೆಯೆತ್ತದೆ, “ಅಷ್ಟೊಂದು ಆಸೆ ಇದ್ರೆ ಮುಂದಿನ ವರ್ಷ ಬನ್ನಿ. ಕೊಳ ಕಟ್ಟಿಸ್ತಿದ್ದೀವಿ, ಗಾಜಿನ ಹಿಂದೆ ಆರಾಮಾಗಿ ನೋಡ್ಬಹುದು” ಎಂದಿರಿ. ಮುಂದಿನ ವರ್ಷ ಅಕ್ಕನಿಗೆ ಗಾಜೂ ಕಾಣಿಸದಿರಬಹುದು ಎಂದೆ. ನಿಷೇಧವಿದೆಯಲ್ಲ, ಹೇಗೂ ಬಿಡುವುದಿಲ್ಲ ಎಂದು ನೆನಪಿಸಿಕೊಂಡು ನಕ್ಕಿರಿ. ತಮ್ಮ ಮೇಲೆ ನನಗೆ ಸಿಟ್ಟಿತ್ತು, ಆ ನಗುವಿನ ತನಕ. ಆಮೇಲೆ ಸಿಟ್ಟಿಗೂ ತಾವು ಯೋಗ್ಯರಲ್ಲ ಎನಿಸಿತು.

ಆದ್ದರಿಂದ ಬೇಡುತ್ತಿಲ್ಲ, ಹೇಳುತ್ತಿದ್ದೇನೆ. ಆದೇಶ ಹರಿದುಹಾಕಿ. ದಡಕ್ಕೆ ಬರುವ ಪ್ರಾಣಿಯ ಸುತ್ತ ಜನರನ್ನು ದೂರ ನಿಲ್ಲಿಸಿ. ಸೀಟಿ ಊದಲೇಬೇಕೆಂದರೆ ಅದಕ್ಕಾಗಿ ಊದಿಸಿ. ಕೊಳದ ಕೆಲಸ ನಿಲ್ಲಿಸಿ. ಈ ಪತ್ರ ಅಚ್ಚಾದ ಮೇಲಿನ ಭಾನುವಾರ ನಾನು, ಅಕ್ಕ ಅದೇ ತೀರಕ್ಕೆ ಬರುತ್ತೇವೆ. ಇನ್ನೂ ಕೆಲವರು ಬರುತ್ತೇವೆಂದಿದ್ದಾರೆ. ತಡೆಯುವುದಾದರೆ ಸಿಬ್ಬಂದಿಯನ್ನು ಕಳಿಸಬೇಡಿ, ತಾವೇ ಬನ್ನಿ. ಪಕ್ಕದಲ್ಲಿ ನಿಂತವರು ಅವಳಿಗೆ ಕಾಣುವುದಿಲ್ಲ. ಅವಳ ಎದುರಿಗೇ ನಿಂತು, ಅವಳ ಮುಖ ನೋಡಿಯೇ, ಬೇಡ ಎನ್ನಬೇಕಾಗುತ್ತದೆ ತಾವು.

ಇಂತಿ,
ತಾವಿದನ್ನು ಓದುವುದಿಲ್ಲವೆಂದು ಗೊತ್ತಿದ್ದೂ ಕರಡನ್ನು ಎರಡು ಸಲ ತಿದ್ದಿದ,
ಒಬ್ಬಳು ತಂಗಿ