ಬಲಗಡೆ ಕೂತವಳು

ಹುಡುಗಿಯರ ಹಾಸ್ಟೆಲ್, ಕಾಠ್ಮಂಡು
ಫಾಲ್ಗುಣ ೧೪

ಪೂಜ್ಯ ಶಾಕ್ಯ ಬಾಜೆಯವರಿಗೆ ರೋಸಲಿಂಡ್ ಮಾಡುವ ನಮಸ್ಕಾರಗಳು.

ಈ ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳಬೇಕು. ಹೋದ ವಾರ ನಾನು ಆಸ್ಪತ್ರೆಗೆ ಫೋನ್ ಮಾಡಿದಾಗ ನೀವು, "ಮುರಿದಿರೋದು ನನ್ನ ಸೊಂಟ ಕಣಮ್ಮ, ಕಿವಿಯಲ್ಲ. ಯಾಕೆ ಹಂಗೆ ಕಿರುಚ್ತೀಯ?" ಎಂದಿರಿ. ಆಮೇಲೆ, "ಆಗಲ್ಲ ಅಂದ್ರೆ ಆಗಲ್ಲ. ಇನ್ನು ಈ ವಿಷಯಕ್ಕೆ ಫೋನ್ ಮಾಡಬೇಡ" ಎಂದಿರಿ. ಬರೆಯಬೇಡ ಎನ್ನಲಿಲ್ಲ. (ಇದು ಹಾಸ್ಟೆಲಿನಲ್ಲಿ ಬೆಳೆದವರ ಬುದ್ಧಿ, ಬಯ್ಯಬೇಡಿ.) ಹೆದರಿದಾಗ ನನಗೆ ಒಂದೋ ಧ್ವನಿಯೇ ಹೊರಡುವುದಿಲ್ಲ, ಇಲ್ಲವೇ ಕಿರುಚಿಬಿಡುತ್ತೇನೆ. ನಡುವಿನದು ಇನ್ನೂ ಬಂದಿಲ್ಲ. ಕಾಲೇಜಿನಲ್ಲಿ ಮೊದಲ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಮೇಷ್ಟ್ರು ನನ್ನ ಹೆಸರು ಕೇಳಿದರು; ಅದಕ್ಕೂ ನನ್ನಿಂದ ಉತ್ತರ ಬರಲಿಲ್ಲ. ಅಂಥವಳು ಮೊನ್ನೆ ನಿಮ್ಮ ಹಳೆಯ ಪೈಲಟ್‌ಗಳ ಕೂಟದಲ್ಲಿ ಏನು ಮಾಡಿದಳು ಎಂಬುದನ್ನು ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಬರೆದುಬಿಡುತ್ತೇನೆ.

ನಿಮ್ಮ ಕಟ್ಟಳೆ ನನಗೆ ಗೊತ್ತಿಲ್ಲವೆಂದಲ್ಲ. ನಿಮ್ಮ ಗೆಳೆಯ, ನನ್ನ ಸ್ವಂತ ಬಾಜೆ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದು ಅದು. ಬೆಟ್ಟದ ಸಂದಿಯಲ್ಲಿ ವಿಮಾನ ಇಳಿಸುವಾಗ ಎಡಗಡೆ ಕೂತ ಕ್ಯಾಪ್ಟನ್ನಿಗೆ ಎರಡು ಕೈಯೂ ಸಾಲದು, ಬಾಯಿ ತೆರೆಯಲು ಪುರುಸೊತ್ತಿಲ್ಲ. ಆದ್ದರಿಂದ "ನೆಲ ಸೇರಿದ್ದೇವೆ, ಎಲ್ಲರೂ ಕ್ಷೇಮ" ಎಂದು ರೇಡಿಯೊದಲ್ಲಿ ಹೇಳುವುದು ಬಲಗಡೆ ಕೂತವನ ಕೆಲಸ. ಕ್ಯಾಪ್ಟನ್ ತೀರಿಕೊಂಡ ಮೇಲೂ ಅದೇ ಕ್ರಮ. ಫಾಲ್ಗುಣದ ಕೂಟದಲ್ಲಿ ನೀವು ತೀರಿಕೊಂಡವರ ಹೆಸರುಗಳನ್ನು ಒಂದೊಂದಾಗಿ ಬಾಯಿಪಾಠವಾಗಿ ಕೂಗುತ್ತೀರಿ; ಅವರ ಕೊನೆಯ ಹಾರಾಟದಲ್ಲಿ ಬಲಗಡೆ ಕೂತಿದ್ದವರು ಎದ್ದು ಆ ಮಾತು ಹೇಳುತ್ತಾರೆ. ಹೇಳಲು ಯಾರೂ ಉಳಿದಿಲ್ಲದಿದ್ದರೆ ಒಂದಿಷ್ಟು ಹೊತ್ತು ಮೌನ. ಮರುವರ್ಷದಿಂದ ಆ ಹೆಸರೇ ಇಲ್ಲ. ಹಾಗೆ ಹೆಸರು ಬಿಟ್ಟುಹೋದ ಒಬ್ಬರ ಹೆಂಡತಿ ಆಮೇಲೆ ಕೂಟದ ಕಡೆ ತಲೆಯನ್ನೇ ಹಾಕಲಿಲ್ಲವಂತೆ. "ಎಲ್ಲರ ಗಂಡಂದಿರೂ ಇಳಿದರು, ನಮ್ಮವರು ಮಾತ್ರ ಇನ್ನೂ ಮೇಲೇ ಸುತ್ತುತ್ತಿದ್ದಾರೆ" ಎಂದು ಅತ್ತರಂತೆ. ಇದನ್ನು ಹೇಳಿದ್ದು ನಮ್ಮ ಬಜೈ. ಹೇಳಿ, ಹೋದ ಮಳೆಗಾಲದಲ್ಲಿ ತೀರಿಕೊಂಡ ಗಂಡನ ಫೋಟೊ ಕಡೆ ನೋಡಿ, ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡರು. ಬಾಜೆಯ ಕೊನೆಯ ಹಾರಾಟದಲ್ಲಿ ಬಲಗಡೆ ಇದ್ದ ಫುರ್ಬಾ ಲಾಮಾ ಅವರು ಬಾಜೆಗಿಂತ ಮೊದಲೇ ಹೋಗಿಬಿಟ್ಟಿದ್ದರಲ್ಲ.

ಅದಕ್ಕೇ, ಕಾರಿನಲ್ಲಿ ಅವರ ಬಲಗಡೆ ಕೂತಿದ್ದ ನಾನು ಆ ಮಾತು ಹೇಳಲೇ ಎಂದು ಕೇಳಲು ಫೋನ್ ಮಾಡಿದ್ದು. ಅದಕ್ಕೇ ನೀವು, "ಕಾರು ಹಾರಲ್ಲ" ಎಂದದ್ದು.

ಹಾರುವುದಿಲ್ಲ, ಒಪ್ಪಿದೆ. ಆದರೆ ಆ ಕಾರಿನೊಳಗೆ ಏನು ನಡೆಯುತ್ತಿತ್ತು ಎಂದು ನಿಮಗೆ ತಿಳಿಯದು. ಕಣ್ಣಿಗೆ ಪೊರೆ ಬಂದು ಬಾಜೆ ಸ್ಟಿಯರಿಂಗ್ ಬಿಟ್ಟುಕೊಟ್ಟದ್ದು ನನಗೆ ಲೈಸೆನ್ಸ್ ಸಿಕ್ಕ ವರ್ಷವೇ. ಅಪ್ಪ ಅಮ್ಮ ಇಂಗ್ಲೆಂಡಿನಲ್ಲಿ, ನಾನು ಮೊದಲು ಕಾಲಿಂಪೊಂಗಿನ ಹಾಸ್ಟೆಲಿನಲ್ಲಿ, ಈಗ ಇಲ್ಲಿ. ರಜೆ ಬಂತೆಂದರೆ ಬಾಜೆಯ ಮನೆಯೇ ನನ್ನ ಮನೆ; ಅಲ್ಲಿ ನಾನು ಎಲ್ಲರಿಗೂ ಕಾಂಛಿ, ಮನೆಯ ಕಿರಿ ಹುಡುಗಿ. ನಮ್ಮ ಹಳೆಯ ನೀಲಿ ಕಾರಿನಲ್ಲಿ ಓಡಿಸುವವರು ಕೂರುವುದು ಬಲಗಡೆ, ಪಕ್ಕದವರು ಎಡಗಡೆ. ಬಾಜೆ ಮೊದಲ ದಿನ ಎಡಗಡೆ ಕೂತು, ಕೋಟಿನ ಗುಂಡಿ ಹಾಕಿಕೊಂಡು, ಎದುರಿಗೆ ನೋಡುತ್ತಾ, "ಸದ್ಯ, ನನ್ನ ಜಾಗ ನನಗೆ ಸಿಕ್ತು" ಎಂದರು. ಆಮೇಲೆ ಪ್ರತಿ ಸಲವೂ ಹೊರಡುವ ಮೊದಲು ಇದು:

"ಬಾಗಿಲು?"

"ಹಾಕಿದೆ."

"ಕನ್ನಡಿ?"

"ಸರಿ ಇದೆ."

"ಗಾಳಿ?"

ಎದುರುಮನೆ ತಾರಸಿಯ ಮಂತ್ರದ ಬಾವುಟ ನೋಡಿ ನಾನು ಗಾಳಿ ಯಾವ ಕಡೆಯಿಂದ ಎಂದು ಹೇಳಬೇಕು. ತರಕಾರಿ ತರಲು ಹೊರಟರೂ ಹೇಳಬೇಕು.

"ಬಜೈ?"

"ಹಿಂದೆ ಕೂತಿದ್ದಾರೆ. ಬೈತಿದ್ದಾರೆ."

"ಸರಿ. ಹಾಗಾದ್ರೆ ಎಲ್ಲಾ ಮಾಮೂಲು. ಹೊರಡು."

ಬೆಳಗ್ಗೆ ಹತ್ತರ ಮೇಲೆ ಅವರು ಕಾರು ಹತ್ತಿದವರೇ ಅಲ್ಲ. "ಗಾಳಿ ಏಳುತ್ತೆ" ಎನ್ನುವರು. "ಇದು ನಿಮ್ಮ ಜೋಮ್ಸೋಮ್ ರನ್‌ವೇ ಅಲ್ಲ ರೀ, ಬಾನೇಶ್ವರದ ಪೇಟೆ! ದರ್ಜಿ ಅಂಗಡಿ ತೆಗೆಯೋದೇ ಹತ್ತಕ್ಕೆ" ಎಂದು ಬಜೈ ಕೂಗಿದರೂ ಅಷ್ಟೇ. ಬಜೈಯ ರವಿಕೆಗಳನ್ನೆಲ್ಲ ನಾನೊಬ್ಬಳೇ ಹೋಗಿ ತಂದದ್ದು.

ಇನ್ನೊಂದು ಇತ್ತು. ನೀವೆಲ್ಲ ಹಾರಿಸಿದ ಆ ಪುಟ್ಟ ವಿಮಾನದಲ್ಲಿ ವೇಗದ ಹಿಡಿಕೆ ತಲೆಯ ಮೇಲೆ, ಚಾವಣಿಯಲ್ಲಿ, ಇಬ್ಬರ ನಡುವೆ ಇರುತ್ತದಂತೆ. ನನಗದು ಗೊತ್ತಾದದ್ದು ಬಾಜೆಯ ಕೈಯಿಂದ. ನಾನು ಸ್ವಲ್ಪ ಜೋರಾಗಿ ಓಡಿಸಿದರೆ ಅವರು ಮಾತಾಡುತ್ತಿರಲಿಲ್ಲ. ಬಲಗೈ ತಾನಾಗಿ ಮೇಲೆ ಹೋಗಿ ಕಾರಿನ ಚಾವಣಿ ಬಟ್ಟೆಯನ್ನು ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆಯುತ್ತಿತ್ತು. ನಾನು ಬ್ರೇಕ್ ಒತ್ತುತ್ತಿದ್ದೆ. ಕಾರು ನಿಧಾನವಾಗುತ್ತಿತ್ತು. ಎಳೆದದ್ದರಿಂದಲೇ ನಿಧಾನವಾಯಿತು ಎಂಬಂತೆ ಅವರು ತಲೆಯಾಡಿಸುತ್ತಿದ್ದರು. ಮನೆ ಮುಟ್ಟಿ ಇಂಜಿನ್ ಬಂದ್ ಮಾಡಿದ ಮೇಲೆ ನನ್ನ ಕಡೆ ತಿರುಗಿ ಕಾಯುವರು. "ನೆಲ ಸೇರಿದ್ದೇವೆ, ಎಲ್ಲರೂ ಕ್ಷೇಮ" ಎಂದು ನಾನು ಹೇಳಿದ ಮೇಲೆಯೇ ಬಾಗಿಲು ತೆಗೆಯುವುದು.

ಕೊನೆಯ ಸಲ ಅವರನ್ನು ಕರೆದುಕೊಂಡು ಹೋದದ್ದು ಆಸ್ಪತ್ರೆಗೆ. ಉಸಿರು ಸಿಗುತ್ತಿರಲಿಲ್ಲ, ಆದರೂ ಬಾಗಿಲು, ಕನ್ನಡಿ, ಗಾಳಿ ಕೇಳಿದರು. ಗೇಟಿನ ಬಳಿಯ ಉಬ್ಬಿನಲ್ಲಿ ಕೈ ಮೇಲೆ ಹೋಯಿತು. ಆಸ್ಪತ್ರೆಯವರು ಓಡಿಬಂದು, ಕಾರಿನ ಇಂಜಿನ್ ಇನ್ನೂ ಓಡುತ್ತಿರುವಾಗಲೇ, ಅವರನ್ನು ಸ್ಟ್ರೆಚರಿಗೆ ಎತ್ತಿಕೊಂಡರು. ನಾನು ಆ ಮಾತು ಹೇಳಲು ಬಾಯಿ ತೆರೆದೆ. ಬಾಜೆ ಬೆರಳೆತ್ತಿ ತಡೆದರು. "ಇಂಜಿನ್ ಬಂದ್ ಆಗ್ದೆ ಹೇಳಬಾರದು ಕಾಂಛಿ." ಕಾರು ನಿಲ್ಲಿಸಿ ನಾನು ಒಳಗೆ ಓಡುವಷ್ಟರಲ್ಲಿ ಅವರನ್ನು ಗಾಜಿನ ಬಾಗಿಲ ಆಚೆ ಕರೆದೊಯ್ದಿದ್ದರು. ಅವರು ಮತ್ತೆ ಈಚೆ ಬರಲಿಲ್ಲ.

ಆ ಮಾತು ನನ್ನ ಬಾಯಲ್ಲೇ ಉಳಿದಿತ್ತು, ಶಾಕ್ಯ ಬಾಜೆ. ಮಳೆಗಾಲದಿಂದ ಫಾಲ್ಗುಣದವರೆಗೂ.

ಈಗ ಮೊನ್ನೆಯದು. ಸಾಯಿಲಿ ದೀದಿಯ ಹೋಟೆಲಿನ ಮೇಲಂತಸ್ತು, ರನ್‌ವೇ ಕಾಣುವ ಆ ಉದ್ದನೆಯ ಕೋಣೆ, ಎಣ್ಣೆಯಲ್ಲಿ ಕರಿಯುತ್ತಿರುವ ಬೆಳಗಿನ ಸೇಲ್ ರೋಟಿಯ ವಾಸನೆ, ಎಲ್ಲ ಯಥಾಪ್ರಕಾರ. ನೀವಿಲ್ಲದ್ದರಿಂದ ಹೆಸರು ಕೂಗುವ ಕೆಲಸ ಕ್ಯಾಪ್ಟನ್ ಮುಕುಂದ ಅವರದು. ಹೆಸರುಗಳನ್ನು ನಿಮ್ಮ ಹಾಗೆ ಬಾಯಿಪಾಠ ಹೇಳಲು ಹೋಗಿ ನಡುವೆ ಒಮ್ಮೆ ತಡವರಿಸಿದರು. ಕ್ಯಾಪ್ಟನ್ ಜಂಗ್ಬು ಹಿಂದಿನಿಂದ, "ಲೇ ಮುಕುಂದ, ಬದುಕಿರೋರ ಹೆಸರು ಕರೀಬೇಡ ಕಣೋ, ಹೆದರಿಕೆ ಆಗುತ್ತೆ" ಎಂದರು. ನಾನು ಬಜೈ ಪಕ್ಕ, ಹೆಂಗಸರ ಸಾಲಿನಲ್ಲಿದ್ದೆ.

"ಕ್ಯಾಪ್ಟನ್ ನರಜಂಗ್ ಗುರುಂಗ್," ಎಂದರು ಮುಕುಂದ. ಬಾಜೆಯ ಸರದಿ.

ಎಲ್ಲರೂ ತಲೆ ತಗ್ಗಿಸಿದರು, ಮೌನಕ್ಕೆ. ಬಜೈ ನನ್ನ ಮಣಿಕಟ್ಟು ಹಿಡಿದರು. ನಾನು ಎದ್ದು ನಿಂತೆ. ಬಾಯಿ ತೆರೆದೆ. ಏನೂ ಬರಲಿಲ್ಲ.

"ಕೂತ್ಕೊಳಮ್ಮ," ಎಂದರು ಮುಕುಂದ, ಪ್ರೀತಿಯಿಂದಲೇ. "ಇದು ಬಲಗಡೆಯವರು ಹೇಳೋದು."

"ನಾನು ಬಲಗಡೆ ಕೂತಿದ್ದೆ," ಎಂದೆ. ಅಷ್ಟು ಬಂತು.

"ಯಾವುದರಲ್ಲಿ?"

"ಕಾರಿನಲ್ಲಿ."

ನಕ್ಕರು. ನಗದೆ ಇನ್ನೇನು? "ಹಂಗಾದ್ರೆ ನಮ್ಮ ರಿಂಗ್ ರೋಡ್ ಬಸ್ಸಿನ ಕಂಡಕ್ಟರೂ ನನ್ನ ಕೋ-ಪೈಲಟ್ಟೇ," ಎಂದರು ಯಾರೋ. ಕೂರಬೇಕೆಂದುಕೊಂಡೆ, ಆದರೆ ಬಜೈ ಮಣಿಕಟ್ಟನ್ನು ಕೆಳಕ್ಕೆ ಎಳೆಯುತ್ತಿರಲಿಲ್ಲ, ಮೇಲಕ್ಕೆ ನೂಕುತ್ತಿದ್ದರು.

ಆಗ ಜಂಗ್ಬು ಗ್ಲಾಸು ಕೆಳಗಿಟ್ಟು ಕೇಳಿದರು: "ನಿಲ್ರೋ. ಏ ಕಾಂಛಿ, ನೀನು ಜೋರಾಗಿ ಓಡಿಸಿದ್ರೆ ಅವನು ಏನ್ ಮಾಡ್ತಿದ್ದ? ಬೈತಿದ್ನಾ?"

ನಾನು ಬಲಗೈ ಎತ್ತಿ, ತಲೆಯ ಮೇಲಿನ ಗಾಳಿಯನ್ನು ಹಿಡಿದು, ಮೆಲ್ಲಗೆ ಹಿಂದಕ್ಕೆ ಎಳೆದೆ.

ಶಾಕ್ಯ ಬಾಜೆ, ನಗುತ್ತಿದ್ದವರೆಲ್ಲ ನನ್ನ ಕೈಯನ್ನೇ ನೋಡಿದರು. ಆಮೇಲೆ ಒಬ್ಬರ ಹೆಂಡತಿ, "ಅಯ್ಯೋ, ನಮ್ಮವರೂ ಟ್ಯಾಕ್ಸಿಯಲ್ಲಿ ಹೀಗೇ ಮಾಡ್ತಾರೆ, ನಾನು ಕೀಲುನೋವು ಅಂದ್ಕೊಂಡಿದ್ದೆ" ಎಂದರು. ಅಷ್ಟಕ್ಕೇ ಗಂಡಸರೆಲ್ಲ ತಮ್ಮ ತಮ್ಮ ಕೈ ನೋಡಿಕೊಂಡರು.

"ಕಾರೆಲ್ಲಿದೆ?" ಎಂದರು ಜಂಗ್ಬು.

ಕೆಳಗಿತ್ತು. ಎಲ್ಲರೂ ಇಳಿದು ಬಂದರು, ಕೋಲಿನವರು, ಮಂಡಿನೋವಿನವರು, ಸೇಲ್ ರೋಟಿ ಕೈಯಲ್ಲಿ ಹಿಡಿದವರು. ನಾನು ಬಾಗಿಲು ತೆರೆದೆ. ಎರಡು ಸೀಟುಗಳ ನಡುವೆ, ಚಾವಣಿಯ ಬೂದು ಬಟ್ಟೆಯಲ್ಲಿ, ಬಾಜೆಯ ಕೈ ಹಿಡಿದು ಹಿಡಿದು ನಾಲ್ಕು ಬೆರಳಗಲ ಕಪ್ಪಾಗಿ ನುಣ್ಣಗಾಗಿದೆ. ಮೊದಲು ಜಂಗ್ಬು ತಲೆ ಹಾಕಿ ನೋಡಿದರು. ಆಮೇಲೆ ಎಡಗಡೆ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ ಕೈ ಎತ್ತಿದರು. ಕೈ ಸರಿಯಾಗಿ ಅದೇ ಜಾಗಕ್ಕೆ ಹೋಯಿತು. "ಅವನ ಹಿಡಿಕೆನೇ ಇದು," ಎಂದರು. ಒಬ್ಬೊಬ್ಬರಾಗಿ ಕೂತರು, ಇಳಿದರು; ಯಾರೂ ತಮಾಷೆ ಮಾಡಲಿಲ್ಲ. ಮುಕುಂದ ಕೊನೆಯಲ್ಲಿ ಕೂತವರು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ನನ್ನ ಕಡೆ ನೋಡದೆ ಹೇಳಿದರು:

"ಬಲಗಡೆ ಕೂತ್ಕೊ. ನಾನು ಹೆಸರು ಕರೀತೀನಿ."

ಕೂತೆ. ಎಡಗಡೆ ಸೀಟು ಖಾಲಿ. ಮುಕುಂದ ನೆಟ್ಟಗೆ ನಿಂತು ಹೆಸರು ಕೂಗಿದರು. ನಾನು ಇಂಜಿನ್ ಶುರು ಮಾಡಿದೆ. ಸ್ವಲ್ಪ ಓಡಲು ಬಿಟ್ಟೆ. ಬಂದ್ ಮಾಡಿದೆ. ಆಮೇಲೆ ಹೇಳಿದೆ.

ಸರಿಯಾಗಿ ಅದೇ ಹೊತ್ತಿಗೆ ತಲೆಯ ಮೇಲೆ ವಿಮಾನವೊಂದು ಎದ್ದು ಹೋಯಿತು. ನನ್ನ ಮಾತು ನನಗೇ ಕೇಳಲಿಲ್ಲ.

"ರೇಡಿಯೊ ಸರಿ ಇಲ್ಲ!" ಜಂಗ್ಬು ಕೈ ಕಿವಿಗೆ ಹಿಡಿದು ಕೂಗಿದರು. "ಇನ್ನೊಂದ್ಸಲ ಹೇಳು!"

ನಾನು ಕಾರಿನಿಂದ ಇಳಿದು, ಬಾಗಿಲು ಹಿಡಿದು ನಿಂತು, ಕಿರುಚಿದೆ. ನಿಮಗೆ ಫೋನಿನಲ್ಲಿ ಕಿರುಚಿದ್ದಕ್ಕಿಂತ ಜೋರಾಗಿ. "ಕ್ಯಾಪ್ಟನ್ ನರಜಂಗ್ ಗುರುಂಗ್! ನೆಲ ಸೇರಿದ್ದೇವೆ! ಎಲ್ಲರೂ ಕ್ಷೇಮ!" ರಸ್ತೆಯಾಚೆ ಸೊಪ್ಪು ಮಾರುವವಳು ತಕ್ಕಡಿ ಕೆಳಗಿಟ್ಟಳು. ಟೋಪಿಗಳು ಮೇಲಕ್ಕೆ ಹಾರಿದವು. ಒಂದು ಸಾಯಿಲಿ ದೀದಿಯ ತಗಡಿನ ಸೂರಿನ ಮೇಲೆ ಬಿದ್ದು ಇನ್ನೂ ಅಲ್ಲೇ ಇದೆ. ಆ ವಯಸ್ಸಿನವರು ಹಾಗೆ ಕೇಕೆ ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ. ಬಜೈ ಅಳುತ್ತಾ ನಗುತ್ತಾ, "ಈಗ ಇಳಿದ್ರಾ? ಅವರು ಯಾವತ್ತೂ ಲೇಟೇ" ಎಂದರು.

ಮತ್ತೆ ಮೇಲೆ ಹೋಗಿ ಎಲ್ಲರೂ ಎರಡನೆಯ ಸಲ ತಿಂದೆವು. ನನ್ನನ್ನು ಹೆಂಗಸರ ಸಾಲಿನಿಂದ ಎಬ್ಬಿಸಿ ಬಲಗಡೆಯವರ ಬೆಂಚಿನಲ್ಲಿ ಕೂರಿಸಿದರು. ಮಾರನೆಯ ದಿನ ಮೌಖಿಕ ಪರೀಕ್ಷೆ ಮತ್ತೆ ಇತ್ತು. ಮೇಷ್ಟ್ರು ಹೆಸರು ಕೇಳಿದರು. ಹೇಳಿದೆ. ಪಕ್ಕದ ಕೋಣೆಯವರು ಇಣುಕಿ ನೋಡಿದರಂತೆ, ಇರಲಿ.

ಆದರೆ ಹೊರಡುವಾಗ ಮುಕುಂದ ಹೇಳಿದ್ದು: "ನಾವು ಕುಣಿದದ್ದಾಯ್ತು. ಬರೋ ವರ್ಷ ಹೆಸರು ಕೂಗೋನು ಶಾಕ್ಯ. ಅವನು ಬಿಟ್ಟರೆ ಬಿಟ್ಟ, ಅವನ ಹತ್ರ ನಮ್ಮದು ನಡೆಯಲ್ಲ." ಅದಕ್ಕೇ ಈ ಪತ್ರ. ನಿಮ್ಮ ಕಟ್ಟಳೆ ಮುರಿಯಬೇಕೆಂದು ನಾನು ಕೇಳುತ್ತಿಲ್ಲ. ಬಾಜೆಯ ಕೊನೆಯ ಪ್ರಯಾಣದಲ್ಲಿ ಅವರ ಬಲಗಡೆ ಇದ್ದದ್ದು ನಾನು. ಬರುವ ಫಾಲ್ಗುಣದಲ್ಲಿ ನೀವು ಅವರ ಹೆಸರು ಕರೆಯಿರಿ. ನಾನು ಬೆಂಚಿನಲ್ಲಿರುತ್ತೇನೆ.

ಇತಿ ನಿಮ್ಮ ಗೆಳೆಯನ ಮೊಮ್ಮಗಳು,
ರೋಸಲಿಂಡ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿಮ್ಮ ಕೊನೆಯ ಹಾರಾಟದಲ್ಲೂ ಬಲಗಡೆ ಇದ್ದದ್ದು ಫುರ್ಬಾ ಲಾಮಾ ಅವರೇ ಎಂದು ಜಂಗ್ಬು ಹೇಳಿದರು. ನೀವು ಯಾರಿಗೂ ಹೇಳಿಕೊಂಡಿಲ್ಲವಂತೆ. ಹಾಗಾದರೆ ನಿಮಗಾಗಿ ಆ ಮಾತು ಹೇಳಲೂ ಯಾರೂ ಉಳಿದಿಲ್ಲ. ಆಸ್ಪತ್ರೆಯಿಂದ ನಿಮ್ಮನ್ನು ಮನೆಗೆ ಯಾರಾದರೂ ಕರೆದೊಯ್ಯಲೇಬೇಕಲ್ಲ. ಸೊಂಟಕ್ಕೆ ಸುಲಭವಾಗಲೆಂದು ಎಡಗಡೆ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿಟ್ಟಿದ್ದೇನೆ. ಹತ್ತರೊಳಗೆ ಹೊರಡೋಣ, ಆಮೇಲೆ ಗಾಳಿ ಏಳುತ್ತದೆ. ಅದಾದ ಮೇಲೂ ತರಕಾರಿಗೋ ಔಷಧಿಗೋ ಹೋಗುವುದಿದ್ದರೆ ಶನಿವಾರ ನನಗೆ ರಜೆ. ಯಾವ ದಿನ ಬಿಡುತ್ತಾರೆ? ದಯವಿಟ್ಟು ಬೇಗ ಉತ್ತರ ಬರೆಯಿರಿ.